ಅವ್ವ ಬೆಲ್ಲ ಉಗುಳಿದ ದಿನ

ನಮ್ಮ ಊರಿನ ಬೀಗಗಳೆಲ್ಲ ಕಳಚಿ ಬಿದ್ದ ದಿನ ಎಲ್ಲರ ಬಾಯಲ್ಲೂ ಬೆಲ್ಲವಿತ್ತು. ನನ್ನ ಅವ್ವನ ಬಾಯಲ್ಲೂ ಇತ್ತು. ಅವಳು ಅದನ್ನು ಅಂಗೈಗೆ ಉಗುಳಿ, ತುಟಿಯನ್ನು ಸೆರಗಿಗೆ ಒರೆಸಿಕೊಂಡು, ‘ಒಲ್ಲೆ’ ಅಂದಳು. ಕೂಗಲಿಲ್ಲ. ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಹಾಕಲು ಬಂದವರಿಗೆ ಹೇಳುವ ಹಾಗೆ ಹೇಳಿದಳು.

ಸುಗ್ಗಿ ಮುಗಿದ ಮೇಲಿನ ಮೊದಲ ಸೋಮವಾರ ನಮ್ಮಲ್ಲಿ ಕೇಳುವ ದಿನ. ಊರಿನವರೆಲ್ಲ ಚಾವಡಿಯ ಮುಂದಿನ ಬಯಲಿನಲ್ಲಿ ಸೇರಬೇಕು. ಚಾವಡಿ ನಡೆಸುವ ಹಿರಿಯರು ಅಲ್ಲಿರುವ ಕರಿಗಲ್ಲಿನ ಮೇಲೆ ನಿಲ್ಲುತ್ತಾರೆ. ತಳವಾರ ದುರುಗಪ್ಪ ಹಲಗೆ ಬಾರಿಸಿ, ‘ಊರು ಒಪ್ಪಿತೋ?’ ಎಂದು ಕೇಳಿ, ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲೊಂದನ್ನು ನೀರಿನ ಕೊಪ್ಪರಿಗೆಯಲ್ಲಿ ತೇಲಿಬಿಡುತ್ತಾನೆ. ಬಟ್ಟಲು ಮುಳುಗುವ ತನಕ ಯಾರೂ ಬಾಯಿ ಬಿಡದಿದ್ದರೆ ಊರು ಒಪ್ಪಿದಂತೆ. ಇನ್ನೊಂದು ವರ್ಷ ಚಾವಡಿ ನಡೆಯುತ್ತದೆ, ಬೀಗಗಳು ಹಿಡಿದುಕೊಂಡಿರುತ್ತವೆ. ಒಬ್ಬರೇ ಒಬ್ಬರು ಒಲ್ಲೆ ಅಂದರೂ ಊರಿನ ಒಂದು ಬೀಗವೂ ನಿಲ್ಲುವುದಿಲ್ಲ. ಹೀಗೆ ಒಂದು ಸಲ ಆಗಿತ್ತಂತೆ, ನಮ್ಮ ಮುತ್ತಜ್ಜಿಯ ಕಾಲದಲ್ಲಿ. ಮಕ್ಕಳನ್ನು ಮಲಗಿಸಲು ಹೇಳುವ ಕಥೆಗಳಲ್ಲಿ ಅದೂ ಒಂದಾಗಿಬಿಟ್ಟಿತ್ತು.

ಮಕ್ಕಳು ಏನಾದರೂ ಅಂದುಬಿಟ್ಟಾರು ಎಂದು ಅವರ ಬಾಯಿಗೆ ಬೆಲ್ಲದ ಉಂಡೆ ಇಡುವುದು ರೂಢಿ. ಆಮೇಲಾಮೇಲೆ ದೊಡ್ಡವರೂ ಇಟ್ಟುಕೊಳ್ಳತೊಡಗಿದರು. ಆ ದಿನ ಊರಿನಲ್ಲಿ ಯಾರೂ ‘ಒಲ್ಲೆ’ ಅನ್ನುವ ಮಾತನ್ನೇ ಆಡುವುದಿಲ್ಲ. ಊಟದ ಪಂಕ್ತಿಯಲ್ಲಿ ಹೋಳಿಗೆ ಬೇಡವಾದರೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಾರೆ. ಕೇಳುವುದು ಚಾವಡಿಯ ಕೆಲಸ, ಉತ್ತರ ಕೊಡದಿರುವುದು ನಮ್ಮ ಕೆಲಸ. ಇದರಲ್ಲಿ ವಿಚಿತ್ರವಾದದ್ದು ಏನೋ ಇದೆ ಎಂದು ನನಗೆ ಹೊಳೆದದ್ದು ಓದಲಿಕ್ಕೆ ಹೊರಗಿನ ಊರಿಗೆ ಹೋಗಿ ಹಾಸ್ಟೆಲಿನಲ್ಲಿ ಇದ್ದಾಗ. ಅಲ್ಲಿನ ಗ್ರಂಥಾಲಯದ ಒಂದು ಹರಕು ಪುಸ್ತಕದಲ್ಲಿ, ಮನುಷ್ಯರು ಒಬ್ಬರಿಗೊಬ್ಬರು ಹೆದರಿ, ತಂತಮ್ಮ ತೋಳಿನ ಬಲವನ್ನೆಲ್ಲ ಒಂದು ಕಡೆ ಒಪ್ಪಿಸಿ, ಅದಕ್ಕೆ ಸರ್ಕಾರ ಎಂದು ಹೆಸರಿಟ್ಟರು ಎಂದು ಓದಿದ್ದೆ. ರಜೆಯಲ್ಲಿ ಬಂದಾಗ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಹೇಳಿದೆ.

“ಒಪ್ಪಿಸಿದಾಗ ನಾವೆಲ್ಲಿದ್ವಿ?” ಅಂದಳು.

“ನಾವು ಹುಟ್ಟಿರಲಿಲ್ಲ ಬೇ.”

“ಹಂಗಾದ್ರ ವರ್ಷಾ ವರ್ಷಾ ನಮ್ಮನ್ಯಾಕ ಕೇಳ್ತಾರ?” ಅಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ನನ್ನ ಅಣ್ಣ ಕರಬಸಪ್ಪ ಹಿಂದಿನ ಬೇಸಿಗೆಯಿಂದ ಚಾವಡಿಯ ಒಳಕೋಣೆಯಲ್ಲಿ ಸೆರೆಯಾಗಿದ್ದ. ನಮ್ಮದು ಕಲ್ಲುಗಣಿಯ ಊರು. ಮನೆ, ಮಾಡು, ಕಟ್ಟೆ ಎಲ್ಲ ಹಾಸುಗಲ್ಲಿನವು. ಸುಣ್ಣದ ಭಟ್ಟಿಗಳೂ ಇವೆ. ಅಣ್ಣ ಮತ್ತು ಅವನ ಗೆಳೆಯ ಅಮರೇಶ ಭಟ್ಟಿಯಿಂದ ಬರುವಾಗ ಜೋಳದ ಚೀಲ ತೆಗೆದುಕೊಂಡು ಗಿರಣಿಗೆ ಹೋಗಿದ್ದರು. ಗಿರಣಿಯ ಫಕೀರಪ್ಪ, ‘ಪಾಳಿ ಪ್ರಕಾರ ಬರ್ರಿ’ ಅಂದ. ಇವರು ತಮ್ಮದನ್ನು ಮೊದಲು ಬೀಸು ಅಂದರು. ಮಾತಿಗೆ ಮಾತು ಬೆಳೆದು, ಒಬ್ಬ ಅವನನ್ನು ಹಿಡಿದ, ಇನ್ನೊಬ್ಬ ಭಟ್ಟಿಯಿಂದ ತಂದಿದ್ದ ಸುಡುಸುಣ್ಣವನ್ನು ಕಣ್ಣಿಗೆ ಎರಚಿದ. ಫಕೀರಪ್ಪನ ಎರಡೂ ಕಣ್ಣು ಹೋದವು. ಹಿಡಿದವನು ಯಾರು, ಎರಚಿದವನು ಯಾರು ಅನ್ನುವುದು ಅವರಿಬ್ಬರಿಗೆ ಗೊತ್ತು. ಹಿಡಿದದ್ದು ಮಾತ್ರ ನಾನು ಎಂದು ಅಣ್ಣ ಹೇಳಿದ. ಹಿಡಿದದ್ದು ಮಾತ್ರ ನಾನು ಎಂದು ಅಮರೇಶನೂ ಹೇಳಿದ. ಅಮರೇಶ ಚಾವಡಿಯ ಹಿರಿಯರಾದ ವೀರನಗೌಡರ ತಂಗಿಯ ಮಗ. ಅಣ್ಣ ಒಳಗೆ ಹೋದ, ಅಮರೇಶ ಮನೆಗೆ ಹೋದ.

ಅವ್ವ ದಿನಾ ಬುತ್ತಿ ಕಟ್ಟಿಕೊಂಡು ಚಾವಡಿಗೆ ಹೋಗುತ್ತಿದ್ದಳು. ಹೋದಾಗೆಲ್ಲ ಗೌಡರ ಮುಂದೆ ನಿಲ್ಲುತ್ತಿದ್ದಳು.

“ಇಬ್ರೂ ಇದ್ರಲ್ರೀ ಗೌಡ್ರ. ಒಬ್ಬನ್ನ ಒಳಗ ಹಾಕಿ ಒಬ್ಬನ್ನ ಹೊರಗ ಬಿಟ್ಟೀರಿ. ಇದ್ಯಾವ ನ್ಯಾಯ?”

“ಸುಣ್ಣಾ ಒಗದಾಂವ ಒಳಗದಾನ. ಹಿಡದಾಂವ ತಿಳೀಲಾರದ ಹುಡುಗ.”

“ನನ್ನ ಮಗಾ ಒಗದಿಲ್ಲ ಅಂತಾನ್ರೀ.”

“ಯಾವ ತಾಯಿಗೆ ಮಗಾ ಒಗದೀನಿ ಅಂದಾನು?” ಎಂದು ಗೌಡರು ನಕ್ಕರು. ಕಟ್ಟೆಯ ಮೇಲಿದ್ದವರೂ ನಕ್ಕರು. ಕೊನೆಯ ಸಲ ಹೋದಾಗ ನಾನೂ ಜೊತೆಗಿದ್ದೆ. ಗೌಡರಿಗೆ ಬೇಸರವಾಗಿತ್ತು. “ಹಂಪವ್ವ, ನೀ ದಿನಾ ಬಂದು ತಲಿ ತಿನ್ನಬ್ಯಾಡ. ವರ್ಷಕ್ಕೊಮ್ಮೆ ಊರನ್ನ ಕೇಳ್ತೀವಲ್ಲ. ನಾವೇನು ಕೇಳಲಾರದ ಚಾವಡಿ ನಡಸ್ತೀವೇನು? ಅಷ್ಟ ಸಿಟ್ಟಿದ್ರ ಆವತ್ತ ಹೇಳವಾ, ಎಲ್ಲಾರ ಮುಂದ.” ಕಟ್ಟೆಯವರು ಈ ಸಲ ಇನ್ನೂ ಜೋರಾಗಿ ನಕ್ಕರು. ಆ ನಗುವಿನಲ್ಲಿ ಕುಹಕವೂ ಇರಲಿಲ್ಲ. ಆಗದ ಮಾತಿಗೆ ನಗುವ ಹಾಗೆ ನಕ್ಕರು. ಅವ್ವ ನಗಲಿಲ್ಲ. “ಆತ್ರೀ” ಅಂದಳು.

ಅವಳು ಹೇಳುತ್ತಾಳೆ ಎಂದು ನನಗೂ ಅನಿಸಿರಲಿಲ್ಲ. ಆ ಸೋಮವಾರ ನನ್ನ ಪಕ್ಕದಲ್ಲೇ ನಿಂತಿದ್ದಳು. ಬಟ್ಟಲು ಅರ್ಧ ತುಂಬಿತ್ತು. ಅವಳು ಬೆಲ್ಲ ಉಗುಳಿದಾಗ ಹಲ್ಲುನೋವೇನೋ ಅಂದುಕೊಂಡೆ.

‘ಒಲ್ಲೆ’ ಅಂದ ಮೇಲೆ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಚಾವಡಿಯ ದೊಡ್ಡ ಬೀಗ ಹಾಸುಗಲ್ಲಿನ ಮೇಲೆ ಬಿತ್ತು. ಅದರ ಹಿಂದೆಯೇ ಓಣಿ ಓಣಿಗಳಿಂದ ಸದ್ದು ಬಂತು, ಹಳೇ ಕಬ್ಬಿಣ ತುಂಬಿದ ಗಾಡಿ ಮಗುಚಿದ ಹಾಗೆ. ಮನೆಗಳ ಬೀಗ, ಅಂಗಡಿಗಳ ಬೀಗ, ಟ್ರಂಕುಗಳ ಬೀಗ. ಬೇವಿನ ಮರಕ್ಕೆ ಒರಗಿಸಿದ್ದ ಸೈಕಲ್ಲುಗಳ ಬೀಗಗಳು ಒಂದಾದ ಮೇಲೊಂದು ಟಕ್ ಟಕ್ ಎಂದು ಬಿಚ್ಚಿಕೊಂಡವು. ಬಾಯಲ್ಲಿ ಬೆಲ್ಲವಿದ್ದುದರಿಂದ ಯಾರೂ ಮಾತಾಡಲಿಲ್ಲ. ಮಾತಾಡಬಹುದು ಎನ್ನುವುದೇ ಯಾರಿಗೂ ತೋಚಲಿಲ್ಲ. ಸಾವಿರ ಜನ ಗಲ್ಲ ಉಬ್ಬಿಸಿಕೊಂಡು ಅವ್ವನನ್ನು ನೋಡುತ್ತ ನಿಂತರು.

ಗೌಡರು ರುಮಾಲು ತೆಗೆದು ಕರಿಗಲ್ಲಿನ ಮೇಲಿಟ್ಟು ಇಳಿದರು. ಇಳಿಯುವಾಗ ಕಾಲು ಜಾರಿತು. ದಿನವೂ ಅವರ ಚಪ್ಪಲಿ ಎತ್ತಿಡುತ್ತಿದ್ದವರು ಪಕ್ಕದಲ್ಲೇ ಇದ್ದರೂ ಕೈ ಕೊಡಲಿಲ್ಲ. ದುರುಗಪ್ಪ ಹಲಗೆಯನ್ನು ನೆಲಕ್ಕಿಟ್ಟು, “ನಂದೂ ಇಲ್ಲೀಗೆ ಮುಗೀತಲ್ಲ” ಎಂದು ಯಾರಿಗೋ ಹೇಳಿ ಮನೆಯ ದಾರಿ ಹಿಡಿದ. ಎಲ್ಲರಿಗಿಂತ ಹೆಚ್ಚು ಗಾಬರಿಯಾದವಳು ಅವ್ವ. ಅಂಗೈಯಲ್ಲಿದ್ದ ಬೆಲ್ಲವನ್ನು ನೋಡಿದಳು. ಮತ್ತೆ ಬಾಯಿಗೆ ಹಾಕಿಕೊಂಡಳು.

ನಾವು ಮನೆ ಮುಟ್ಟುವ ಮೊದಲೇ ಅಣ್ಣ ಬಂದು ಕಟ್ಟೆಯ ಮೇಲೆ ಕೂತಿದ್ದ. ದಪ್ಪಗಾಗಿದ್ದ. ಅವ್ವ ಅವನ ಮೋರೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಒಳಗೆ ಹೋಗಿ ಒಲೆ ಹೊತ್ತಿಸಿದಳು. ಅವನು ಉಂಡ, ಮಲಗಿದ, ಎದ್ದು ಮತ್ತೆ ಉಂಡ. ಅವ್ವ ಅವನ ಎದುರು ಕೂತು ಬೀಸಣಿಗೆ ಬೀಸಿದಳು. ಅಷ್ಟು ಸಂತೋಷವಾಗಿದ್ದ ಅವ್ವನನ್ನು ನಾನು ಮತ್ತೆ ನೋಡಲಿಲ್ಲ.

ಬೀಗಗಳು ಹೋದವು ಅಂದರೆ ಬರೀ ಬೀಗ ಹೋಗಲಿಲ್ಲ. ಚಿಲಕ ಸರಿಸಿದರೆ ತಾನಾಗಿ ಹಿಂದೆ ಸರಿಯುತ್ತಿತ್ತು. ಅಗಳಿ ಹಾಕಿದರೆ ಕಳಚಿಕೊಳ್ಳುತ್ತಿತ್ತು. ಜನ ಬಾಗಿಲಿಗೆ ಒಳಗಿನಿಂದ ಹಾಸುಗಲ್ಲು ಒರಗಿಸಿದರು. ಹಾಗೆ ಒರಗಿಸಬೇಕಾದರೆ ಒಳಗೆ ಒಬ್ಬರು ಇರಲೇಬೇಕು. ಮನೆಗೊಬ್ಬರು ಕಲ್ಲಿಗೆ ಬೆನ್ನು ಕೊಟ್ಟು ಕೂತರು. ಗಣಿಗೆ ಹೋಗುವವರಿಲ್ಲ, ಭಟ್ಟಿಗೆ ಉರುವಲು ಹಾಕುವವರಿಲ್ಲ. ನೀರಿಗೆ ಹೋದ ಹೆಂಗಸರು ಕೊಡ ತುಂಬುವ ಮೊದಲೇ ಓಡಿ ಬರುತ್ತಿದ್ದರು. ಜಗಳವೇನೂ ದೊಡ್ಡದು ನಡೆಯಲಿಲ್ಲ. ಆದರೆ ಮುಂಚೆ ಓಣಿಯಲ್ಲಿ ಹೋಗುವವರನ್ನು ‘ಊಟಾತೇನು?’ ಎಂದು ಕೇಳುತ್ತಿದ್ದವರು ಈಗ ‘ಎಲ್ಲಿಗೆ ಹೊಂಟಿ?’ ಎಂದು ಕೇಳುತ್ತಿದ್ದರು. ಗೌಡರು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟಿದ್ದ ಜೋಳವನ್ನೇ ಯಾರೋ ಒಯ್ದರು. ಯಾರೋ ಅಲ್ಲ, ಅಮರೇಶ. ತನ್ನ ಸೋದರಮಾವನ ಕಣ್ಣೆದುರಿಗೇ ಚೀಲ ಹೊತ್ತುಕೊಂಡು ಹೋದನಂತೆ, ಹೋಗುವಾಗ ‘ಬರ್ತೀನಿ ಮಾವ’ ಅಂದನಂತೆ.

ಊರು ಸುಮ್ಮನೆ ಕೂರಲಿಲ್ಲ. ಮತ್ತೆ ಬಯಲಿನಲ್ಲಿ ಸೇರಿ ಗೌಡರನ್ನೇ ಕಲ್ಲಿನ ಮೇಲೆ ನಿಲ್ಲಿಸಿ ಬಟ್ಟಲು ಬಿಟ್ಟರು. ಬಟ್ಟಲಿಗೆ ನೀರು ಬರುವ ಮೊದಲೇ ಗಾಣದ ಮನೆಯ ಸೊಸೆ ಗಂಗಕ್ಕ, “ಒಲ್ಲೆ” ಅಂದಳು. ಅವಳ ಗಂಡ, “ಯಾಕ?” ಅಂದ. “ಯಾಕಂದ್ರ? ಇಷ್ಟು ವರ್ಷ ಯಾರೂ ನನ್ನ ಕೇಳೇ ಇಲ್ಲಲ್ಲ” ಅಂದಳು. ಮಾಸ್ತರರನ್ನು ನಿಲ್ಲಿಸಿದರು. ತನ್ನ ಮಗನ ಕಿವಿ ಹಿಂಡಿದ್ದಾರೆ ಎಂದು ಒಬ್ಬ ಒಲ್ಲೆ ಅಂದ. ಇನ್ನೊಬ್ಬರನ್ನು ನಿಲ್ಲಿಸಿದರು, ಅವರ ಸ್ವಂತ ತಮ್ಮನೇ ಒಲ್ಲೆ ಅಂದ. ಕಾರಣವಿಲ್ಲದವರೂ ಅಂದರು. ಆ ಮಾತಿನ ರುಚಿ ಊರಿನ ನಾಲಿಗೆಗೆ ಹತ್ತಿತ್ತು. ಬೆಲ್ಲ ಅಂಗಡಿಯಲ್ಲಿ ಹಾಗೇ ಉಳಿಯಿತು.

ಒಂದು ದಿನ ಸಂಜೆ ಅವ್ವ ಹಿಟ್ಟು ನಾದಲು ಕೂತವಳು ಕೈ ನಿಲ್ಲಿಸಿದಳು. ಮನೆಯ ಹಿಟ್ಟು ಮುಗಿದಿತ್ತಲ್ಲ ಎಂದು ಅವಳಿಗೆ ನೆನಪಾಯಿತು. ಮೂಲೆಯಲ್ಲಿ ಒಂದು ಚೀಲ ನಿಂತಿತ್ತು. ಗಿರಣಿಯ ಚೀಲಗಳ ಬಾಯನ್ನು ಫಕೀರಪ್ಪನ ಹೆಂಡತಿ ಯಲ್ಲವ್ವ ಕೆಂಪು ದಾರದಿಂದ ಹೊಲಿಯುತ್ತಾಳೆ. ಆ ದಾರ ಈ ಚೀಲದಲ್ಲಿತ್ತು.

“ಎಲ್ಲೀದೋ ಇದು?”

“ಗಿರಣೀದು” ಅಂದ ಅಣ್ಣ. ಅವನು ಮಂಚದ ಮೇಲೆ ಮಲಗಿದ್ದ.

“ಯಾರ ಕೊಟ್ರು?”

“ಕೊಡೂದೇನು ಬಂತು. ಬಾಗಲಾ ತೆರದಿತ್ತು.”

“ಫಕೀರಪ್ಪ ಇರಲಿಲ್ಲೇನು?”

“ಇದ್ದ. ಯಾರದು, ಯಾರದು ಅಂತಿದ್ದ. ನಾ ಯಾಕ ಹೇಳ್ಲಿ?” ಎಂದು ನಕ್ಕ.

ಅವ್ವ ಕೈಗೆ ಅಂಟಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ತೆಗೆದಳು. ಅವಳು ಆಮೇಲೆ ಕೇಳಿದ್ದನ್ನು ಇಷ್ಟು ತಿಂಗಳಿನಲ್ಲಿ ಒಮ್ಮೆಯೂ ಅವನನ್ನು ನೇರವಾಗಿ ಕೇಳಿರಲಿಲ್ಲ.

“ಕರಬಸ್ಯಾ, ಆವತ್ತ ಸುಣ್ಣಾ ಒಗದಾಂವ ಯಾರು?”

“ನಾನ.”

“ಹಿಡದಿದ್ದೆ ಅಷ್ಟ ಅಂದಿದ್ದೆಲ್ಲೋ.”

“ಅಂದಿದ್ದೆ. ಆವಾಗ ಚಾವಡಿ ಇತ್ತು” ಅಂದ ಅಣ್ಣ, ಮಗ್ಗುಲು ಬದಲಿಸುತ್ತ. “ಈಗ ಯಾರಿಗಂತ ಸುಳ್ಳ ಹೇಳ್ಲಿ ಬೇ?”

ಅವನಲ್ಲಿ ಸಿಟ್ಟಿರಲಿಲ್ಲ. ಸವಾಲೂ ಇರಲಿಲ್ಲ. ಸೆಕೆಗೆ ಅಂಗಿ ತೆಗೆದಿಟ್ಟವನ ಹಾಗೆ ಹಗುರಾಗಿದ್ದ. ಅವ್ವ ಎದ್ದಳು. ನಾದಿದ ಹಿಟ್ಟನ್ನು ಹಾಗೇ ಬಿಟ್ಟು, ಚೀಲವನ್ನು ತಲೆಯ ಮೇಲೆ ಹೊತ್ತು ಹೊರಟಳು. ನಾನು ಹಿಂದೆ ಓಡಿದೆ.

ಗಿರಣಿಯ ಬಾಗಿಲಲ್ಲಿ ಫಕೀರಪ್ಪ ಕೂತಿದ್ದ. ಕಲ್ಲು ಮೀಟುವ ಕಬ್ಬಿಣದ ಹಾರೆ ಅವನ ತೊಡೆಯ ಮೇಲಿತ್ತು. ನಮ್ಮ ಹೆಜ್ಜೆ ಕೇಳಿದೊಡನೆ ಅದನ್ನು ಎರಡೂ ಕೈಯಲ್ಲಿ ಎತ್ತಿದ.

“ಯಾರು?”

“ನಾನಪ್ಪ, ಹಂಪವ್ವ. ಕರಬಸ್ಯಾನ ಅವ್ವ.”

ಅವನು ಹಾರೆ ಇಳಿಸಲಿಲ್ಲ. ಒಳಗಿನಿಂದ ಒಂದು ಹುಡುಗಿ ನರಳುವುದು ಕೇಳುತ್ತಿತ್ತು. ಹಾರೆಯ ತುದಿಯಲ್ಲಿ ಹಸಿ ರಕ್ತವಿತ್ತು.

ನಡೆದದ್ದನ್ನು ಯಲ್ಲವ್ವ ಹೇಳಿದಳು. ಹಿಟ್ಟಿನ ಚೀಲ ಹೋದ ಮೇಲೆ ಫಕೀರಪ್ಪ ಹಾರೆ ಹಿಡಿದು ಬಾಗಿಲಲ್ಲಿ ಕೂತ. ಬಂದವರನ್ನು ಯಾರು ಎಂದು ಕೇಳುತ್ತಿದ್ದ. ಹೆಸರು ಹೇಳಿದವರನ್ನು ಬಿಡುತ್ತಿದ್ದ. ಅವರ ಮಗಳು ಸಾವಂತ್ರಿ ಬೆಳಿಗ್ಗೆ ಏನಕ್ಕೋ ಅಪ್ಪನ ಜೊತೆ ಟೂ ಬಿಟ್ಟಿದ್ದಳು. ಮಕ್ಕಳು ಬಿಡುತ್ತವಲ್ಲ, ಹಾಗೆ. ನೀರು ತಂದವಳು, ಅಪ್ಪ ಯಾರು ಅಂದರೂ ಮಾತಾಡದೆ ಒಳಗೆ ಕಾಲಿಟ್ಟಳು. ಸುಮ್ಮನಿದ್ದವಳನ್ನು ಅವನು ಹೊಡೆದ. ಕೊಡ ಬಿದ್ದ ಮೇಲೆ ಅವಳು ‘ಅಪ್ಪಾ’ ಅಂದಳು. ಮೊಣಕೈಯ ಮೇಲೆ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಯಲ್ಲವ್ವ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತುತ್ತಿದ್ದಳು. ವೈದ್ಯರನ್ನು ಕರೆಯಲು ಕಳಿಸಿದ್ದರು, ವೈದ್ಯರು ಬಾಗಿಲಿಗೆ ಕಲ್ಲು ಒರಗಿಸಿ ಕೂತಿದ್ದರು.

ಅವ್ವ ಚೀಲ ಇಳಿಸಿದಳು. ಹುಡುಗಿಯ ಕಾಲ ಹತ್ತಿರ ಕೂತಳು.

“ಮೊನ್ನೆ ಬಯಲಾಗ ನಾನೂ ಬಾಯಾಗ ಬೆಲ್ಲಾ ಇಟಗೊಂಡು ನಿಂತಿದ್ದೆ ಹಂಪವ್ವ” ಅಂದಳು ಯಲ್ಲವ್ವ, ಬಟ್ಟೆ ಸುತ್ತುವುದನ್ನು ನಿಲ್ಲಿಸದೆ. “ನನ್ನ ಗಂಡನ ಕಣ್ಣು ತಗದಾವ್ರು ಇಬ್ರು. ಒಳಗಿದ್ದಾಂವ ಒಬ್ಬ. ನನಗ ಗೊತ್ತಿರಲಿಲ್ಲೇನು? ನನಗ ಒಲ್ಲೆ ಅನ್ನಾಕ ಬರತಿರಲಿಲ್ಲೇನು? ಒಬ್ಬನರ ಒಳಗದಾನಲ್ಲ, ಅಷ್ಟರ ಐತೆಲ್ಲ ಅಂತ ನುಂಗಿಕೊಂಡೆ. ನಿನಗ ಅಷ್ಟೂ ಬ್ಯಾಡಾತು.”

ಅವ್ವ ಹುಡುಗಿಯ ಪಾದಕ್ಕೆ ಮೆತ್ತಿದ ಕೆಸರನ್ನು ಸೆರಗಿನಿಂದ ಒರೆಸಿದಳು.

“ಇನ್ನ ಕಲ್ಲಿನ ಮ್ಯಾಲ ನೀನ ನಿಂದ್ರು” ಅಂದಳು ಯಲ್ಲವ್ವ.

“ನಾ ಏನ ಬಲ್ಲೆನವಾ?”

“ಬೀಗಾ ಬೀಳಸಾಕ ಬಲ್ಲಿ. ಹಾಕಾಕೂ ಕಲೀ.”

ಬಾಗಿಲಿನಲ್ಲಿ ಫಕೀರಪ್ಪ ಯಾರೂ ಇಲ್ಲದ ಓಣಿಗೆ, “ಯಾರು?” ಎಂದು ಕೇಳುತ್ತಿದ್ದ.

ಮರುದಿನ ಊರನ್ನು ಬಯಲಿಗೆ ಕರೆದವಳು ಯಲ್ಲವ್ವ. ಮನೆಮನೆಗೆ ತಾನೇ ಹೋದಳು. ಮಗಳ ರಕ್ತ ಮೆತ್ತಿದ ಸೀರೆಯಲ್ಲೇ ಹೋದಳು. ದುರುಗಪ್ಪ ಹಲಗೆ ಹುಡುಕಿ ತಂದ. ಅವ್ವ ಕರಿಗಲ್ಲನ್ನು ಹತ್ತಿದಾಗ ಯಾರೋ ಕಿಸಕ್ಕೆಂದರು. ಗೌಡರ ರುಮಾಲು ಅಲ್ಲೇ ಬಿದ್ದಿತ್ತು, ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

“ಬೀಗಾ ಕುಂತ ಕೂಡ್ಲೆ ಇಬ್ರೂ ಒಳಗ ಹೋಗ್ತಾರ” ಅಂದಳು. “ನನ್ನ ಮಗಾನೂ ಹೋಗ್ತಾನ, ಅಮರೇಶನೂ ಹೋಗ್ತಾನ. ಮುಂದಿನ ವರ್ಷ ನೀವು ಬೇಕಾದವರನ್ನ ನಿಲ್ಲಸ್ಕೋರಿ. ನನಗ ಹೇಳಾಕ ಇರೂದು ಇಷ್ಟ.”

ಅಣ್ಣ ನನ್ನ ಪಕ್ಕದಲ್ಲಿದ್ದ. ಅವನು ಬಂದದ್ದೇ ಖುಷಿಯಿಂದ. ಬೆಲ್ಲ ಹಂಚುತ್ತ ಬಂದವನ ತಟ್ಟೆಯನ್ನು ದೂರ ತಳ್ಳಿದ. “ಅಕಿ ಏನರ ಅನ್ನಲಿ. ನಾ ಒಪ್ಪಬೇಕಲ್ಲ?” ಎಂದು ನನ್ನ ಕಿವಿಯಲ್ಲಿ ಹೇಳಿದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಊರಿನಲ್ಲಿ ಕಲ್ಲಿನ ಮೇಲೆ ನಿಂತವರಿಗೆ ಇಲ್ಲದ ಬಲ ಬಯಲಿನಲ್ಲಿ ನಿಂತ ಒಬ್ಬನಿಗಿದೆ. ಅವನು ಒಂದು ಮಾತು ಅಂದರೆ ಸಾಕು. ಸಾವಂತ್ರಿಯ ಕೈ ಹೋದ ಹಾಗೆ ಇನ್ನೊಬ್ಬರದು ಹೋಗುತ್ತದೆ, ಮತ್ತೊಬ್ಬರದು ಹೋಗುತ್ತದೆ, ಅವನು ನಮ್ಮ ಮನೆಯ ಮಂಚದ ಮೇಲೆ ಮಗ್ಗುಲು ಬದಲಿಸುತ್ತಾನೆ.

ದುರುಗಪ್ಪ ಹಲಗೆ ಬಾರಿಸಿದ. “ಊರು ಒಪ್ಪಿತೋ?”

ಬಟ್ಟಲು ನೀರಿಗೆ ಮುಟ್ಟಿತು. ಅಣ್ಣ ಉಸಿರು ಎಳೆದುಕೊಂಡ. ನನ್ನ ಕೈ ಅವನ ಬಾಯಿಗೆ ಹೋಯಿತು.

ಯೋಚಿಸಿ ಮಾಡಿದ್ದಲ್ಲ. ಅವನು ನನಗಿಂತ ಎರಡು ಪಟ್ಟು ಗಟ್ಟಿ, ಒಂದು ಸಲ ಕೊಡವಿದ್ದರೆ ನಾನು ಬೀಳುತ್ತಿದ್ದೆ. ಕೊಡವಲು ಆಗಲಿಲ್ಲ. ಗಣಿಯಲ್ಲಿ ಅವನ ಜೊತೆ ಕಲ್ಲು ಒಡೆಯುವ ಇಬ್ಬರು ಹಿಂದಿನಿಂದ ಅವನ ತೋಳು ಹಿಡಿದಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ಸಹಾಯಕ್ಕೆ ಇನ್ನೂ ಯಾರಾದರೂ ಬಂದಾರೇ ಎಂದು ತಲೆ ಎತ್ತಿ ನೋಡಿದೆ. ಆಗ ಬಯಲು ಕಾಣಿಸಿತು. ವೀರನಗೌಡರು ಅಮರೇಶನ ದವಡೆಯನ್ನು ಕಂಕುಳಲ್ಲಿ ಅವುಚಿ, ಬಾಯಿಗೆ ಬೆಲ್ಲ ತುರುಕಿ, ಮೇಲೆ ಅಂಗೈ ಒತ್ತಿದ್ದರು. ಗಾಣದವನು ಗಂಗಕ್ಕನ ಬಾಯಿ ಮುಚ್ಚಿದ್ದ, ಅವಳ ಕಣ್ಣು ಅವನ ಬೆರಳುಗಳ ಮೇಲೆ ಉರಿಯುತ್ತಿತ್ತು. ಅಪ್ಪ ಮಗನದು, ಸೊಸೆ ಅತ್ತೆಯದು, ಮಾಸ್ತರರು ತಮ್ಮದೇ ಬಾಯಿ. ಕಣ್ಣು ಹಾಯುವಷ್ಟು ದೂರ ಬಾಯಿಗಳಿರಲಿಲ್ಲ, ಅಂಗೈಗಳಿದ್ದವು. ಒಂದೇ ಒಂದು ತೆರೆದ ಬಾಯಿ ಅವ್ವನದು. ಕಲ್ಲಿನ ಮೇಲೆ ಅವಳು ಬಾಯಿ ತೆರೆದುಕೊಂಡೇ ನಿಂತಿದ್ದಳು. ನಾನು ನೋಡಿದ್ದನ್ನೆಲ್ಲ ಅವಳು ಮೇಲಿನಿಂದ ನೋಡುತ್ತಿದ್ದಳು. ಅವಳೂ ಒಲ್ಲೆ ಅನ್ನಬಹುದಿತ್ತು.

ಅಣ್ಣ ಹೇಳಿದ. ನನ್ನ ಅಂಗೈಯೊಳಗೆ ಹೇಳಿದ. ಮೊದಲು ಅವನ ತುಟಿ ದುಂಡಗಾಯಿತು, ಆಮೇಲೆ ನಾಲಿಗೆ ತಾಗಿತು, ಬಿಸಿ ಉಸಿರು ಬೆರಳ ಸಂದಿಗೆ ಬಂತು. ಮತ್ತೊಮ್ಮೆ ಹೇಳಿದ. ಮೂರನೇ ಸಲ ಹೇಳದೆ ಕಚ್ಚಿದ. ನಾನು ಕೈ ತೆಗೆಯಲಿಲ್ಲ. ಬಟ್ಟಲು ಅಂಚಿನ ತನಕ ತುಂಬಿ, ಸ್ವಲ್ಪ ಹೊತ್ತು ಹಾಗೇ ನಿಂತು, ಗುಳುಂ ಎಂದು ಮುಳುಗಿತು.

ಓಣಿಗಳಿಂದ ಬೀಗಗಳು ಕೂತುಕೊಳ್ಳುವ ಟಕ್ ಟಕ್ ಸದ್ದು ಬರತೊಡಗಿತು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೈಗಳು ಇಳಿದವು, ಜನ ಸೆರಗು ಪಂಚೆಗಳಿಗೆ ಅಂಗೈ ಒರೆಸಿಕೊಂಡರು. ಯಲ್ಲವ್ವ ವೈದ್ಯರನ್ನು ರಟ್ಟೆ ಹಿಡಿದು ಕರೆದುಕೊಂಡು ಹೋದಳು. ದುರುಗಪ್ಪ ಅವ್ವನಿಗೆ ಬೀಗದ ಕೈ ಕೊಟ್ಟು, “ನಡೀರಿ ಅಮ್ಮಾರ” ಅಂದ. ನಿನ್ನೆ ತನಕ ಅವಳನ್ನು ‘ಏ ಹಂಪವ್ವ’ ಅನ್ನುತ್ತಿದ್ದವನು.

ಒಳಕೋಣೆಗೆ ಮೊದಲು ಅಮರೇಶನನ್ನು ತಳ್ಳಿದರು. ಅಣ್ಣ ತಾನಾಗಿಯೇ ನಡೆದು ಹೋದ. ಹೊಸ್ತಿಲಿನಲ್ಲಿ ನಿಂತು ತಿರುಗಿ ನನ್ನನ್ನು ನೋಡಿದ. ಅವನ ಹಲ್ಲಿನ ಮೇಲೆ ನನ್ನ ರಕ್ತವಿತ್ತು.

“ನಾ ಅಂದೆ. ನಿನಗ ಕೇಳಸೇತಿ.”

ಅವ್ವ ಬೀಗವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ನನ್ನ ಕಡೆ ತಿರುಗಿದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ನಾನು ಅದನ್ನು ಹಿಂದಕ್ಕೆ ಸರಿಸಿದೆ.

“ಏನಂದನವಾ?” ಎಂದು ಕೇಳಿದಳು.

“ಏನೂ ಅನ್ನಲಿಲ್ಲ” ಅಂದೆ.

ಅವ್ವ ಬೀಗ ಹಾಕಿ ಜಗ್ಗಿ ನೋಡಿದಳು. ಹಿಡಿದುಕೊಂಡಿತು.